ಕಾರ್ಯಾಚರಣ ವ್ಯವಸ್ಥೆಯ ಬದಲಾವಣೆ ಮತ್ತು ಜಾನಪದ ಪಠ್ಯಗಳ ಉಳಿವು: ಹೊಳೆಬಾಗಿಲು ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಸಾಗರ ತಾಲ್ಲೂಕಿನ ಹೊಳೆಬಾಗಿಲು ಶರಾವತಿ ಹಿನ್ನೀರಿನ ದಡದ ಒಂದು ದಾಟುತಾಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಹಿನ್ನೀರಿನ ಆಚೆಗೆ ಉಳಿದ ತುಮರಿ ಭಾಗದ ಜನರು ದಶಕಗಳ ಕಾಲ ಸಾಗರ ಪೇಟೆಗೆ ಬರಲು ಇಲ್ಲಿಯ ಲಾಂಚನ್ನೇ ಮುಖ್ಯವಾಗಿ ಅವಲಂಬಿಸಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಗೊಂಡುದು 2025ರ ಜುಲೈ 14ರಂದು. ಈ ಸೀಮೆಯ ಜನರಿಗೆ 'ಮುಳುಗಡೆ' ಎಂಬುದು ಒಂದು ಘಟನೆಯ ಹೆಸರು ಮಾತ್ರವಲ್ಲ, ಕಾಲವನ್ನು ಗುರುತಿಸುವ ಪದವೂ ಹೌದು. ಊರು ತೊರೆದವರು ಹೊತ್ತೊಯ್ಯಬಹುದಾದುದನ್ನು ಹೊತ್ತೊಯ್ದರು; ಉಳಿದುದು ನೀರಿನ ಪಾಲಾಯಿತು. ಹಾಡು, ಕಥೆ, ಆಚರಣೆಗಳು ಅವರ ನೆನಪಿನಲ್ಲಿ ಜೊತೆಗೆ ಸಾಗಿದವು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಂಟಿಗೆ-ಪಂಟಿಗೆಯ ಹಾಡುಗಳು, ಮದುವೆಯ ಹಸೆ ಹಾಡುಗಳು, ಭೂಮಿ ಹುಣ್ಣಿಮೆಯ ಆಚರಣೆಯ ವಿವರಗಳು ಮೊದಲಾದುವು ಇಂದು ನೆನಪಿನಲ್ಲಷ್ಟೇ ಉಳಿದಿಲ್ಲ. ಕ್ಷೇತ್ರಕಾರ್ಯದ ಟಿಪ್ಪಣಿಗಳಾಗಿ, ಧ್ವನಿಮುದ್ರಣಗಳಾಗಿ, ಕೊನೆಗೆ ಗಣಕದಲ್ಲಿ ಬೆರಳಚ್ಚಾದ ಕಡತಗಳಾಗಿ ಅವು ರೂಪಾಂತರ ಪಡೆದಿವೆ. ಕಾಲೇಜು, ವಿಶ್ವವಿದ್ಯಾಲಯಗಳ ಆವರಣದ ಗಣಕಗಳನ್ನು ಹೊಸ ಕಾರ್ಯಾಚರಣ ವ್ಯವಸ್ಥೆಗೆ ಏರಿಸುವಾಗ ಆ ಕಡತಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ತಾಂತ್ರಿಕ ಸಿಬ್ಬಂದಿಗೆ ಬಿಡಲಾಗುತ್ತದೆ. ಇದು ಮೂಲತಃ ಗ್ರಂಥಸಂಪಾದನೆಯ ಪ್ರಶ್ನೆ ಎಂಬುದನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪ್ರತಿ ಮಾಡುವ ಪರಂಪರೆ

ಬರವಣಿಗೆಯ ಸಾಮಗ್ರಿ ಬದಲಾಗುವುದು ಈ ಸೀಮೆಗೆ ಹೊಸತಲ್ಲ. ಸಾಗರ ತಾಲ್ಲೂಕಿನ ಕೆಳದಿಯಲ್ಲಿರುವ, ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ವಸ್ತುಸಂಗ್ರಹಾಲಯದಲ್ಲಿ ಕನ್ನಡ ಮತ್ತು ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಕಂಠದಿಂದ ಕೊರೆದು ಮಸಿ ಬಳಿದ ಗರಿ ಎಷ್ಟೇ ಜೋಪಾನ ಮಾಡಿದರೂ ಮಲೆನಾಡಿನ ತೇವಕ್ಕೂ ಹುಳುವಿಗೂ ಒಂದು ದಿನ ಸೋಲುತ್ತದೆ. ಅದಕ್ಕೆ ಹಿಂದಿನವರು ಕಂಡುಕೊಂಡ ಪರಿಹಾರ ಒಂದೇ: ಗರಿ ಹಾಳಾಗುವ ಮೊದಲೇ ಹೊಸ ಗರಿಗೆ ಪ್ರತಿ ಮಾಡುವುದು. ಇಂದು ಉಳಿದು ಬಂದಿರುವ ಹಳಗನ್ನಡ ಕಾವ್ಯಗಳಲ್ಲಿ ಬಹುಪಾಲು ಕವಿಯ ಹಸ್ತಪ್ರತಿಗಳಲ್ಲ, ಪ್ರತಿಯ ಪ್ರತಿಗಳು.

'ಕಡತ' ಎಂಬ ಪದದ ಚರಿತ್ರೆಯೂ ಇಲ್ಲಿ ಗಮನಾರ್ಹ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಲೇಪಿಸಿ, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಮೊದಲು ಈ ಹೆಸರಿತ್ತು. ತೀರ್ಥಹಳ್ಳಿಗೆ ನೆರೆಯ ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಸುಪರಿಚಿತವಾದ ಆಕರಗಳು. ಮುಂದೆ ಸರ್ಕಾರಿ ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಅದೇ ಹೆಸರು ಬಂದಿತು. ಈಗ ಗಣಕದೊಳಗಿನ ಬರಹವನ್ನೂ ಕಡತವೆಂದೇ ಕರೆಯಲಾಗುತ್ತಿದೆ. ಬಳಪದ ಕಡತವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಗಣಕದ ಕಡತಕ್ಕೂ ಆ ಗುಣವಿದೆ. ಒರೆಸಿದುದು ಮರಳಿ ದೊರೆಯುವುದಿಲ್ಲವೆಂಬ ಅಪಾಯವೂ ಎರಡಕ್ಕೂ ಸಮಾನ.

ಪ್ರತಿಕಾರನ ಕೆಲಸದಲ್ಲಿ ದೋಷಗಳು ಸಹಜ. ಅಕ್ಷರ ಬಿಡುವುದು, ಪಂಕ್ತಿ ಹಾರಿಸುವುದು, ತಿಳಿಯದ ಪದದ ಜಾಗದಲ್ಲಿ ತಿಳಿದ ಪದವನ್ನು ಬರೆಯುವುದು ಇತ್ಯಾದಿ ಸ್ಖಾಲಿತ್ಯಗಳನ್ನು ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ' ಶಾಸ್ತ್ರೀಯವಾಗಿ ವಿವೇಚಿಸಿದೆ. ಪ್ರತಿಕಾರರೂ ಇದನ್ನು ಅರಿತಿದ್ದರು. ಎಂದೇ ಅನೇಕ ಪ್ರತಿಗಳ ಕೊನೆಯಲ್ಲಿ ಬರೆದವನ ಹೆಸರು, ಸಂವತ್ಸರ, ತಿಥಿಗಳ ಜೊತೆಗೆ ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂಬ ವಿನಂತಿಯೂ ಇರುತ್ತದೆ.

2. ಗಣಕದಲ್ಲಿ ಕನ್ನಡ: ಅಕ್ಷರವೋ, ಅಕ್ಷರದ ಚಿತ್ರವೋ

ವಿಂಡೋಸ್ 95, 98 ಮೊದಲಾದ ವ್ಯವಸ್ಥೆಗಳಿಗೆ ಕನ್ನಡ ಎಂಬ ಲಿಪಿಯ ಅರಿವೇ ಇರಲಿಲ್ಲ. ಆದುದರಿಂದ ಕನ್ನಡದ ತಂತ್ರಾಂಶಗಳು ಒಂದು ಉಪಾಯವನ್ನು ಅನುಸರಿಸಿದವು. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಏತ್ವ, ಒತ್ತಕ್ಷರಗಳ ಚಿತ್ರಗಳನ್ನು ಕೂರಿಸಲಾಯಿತು. ಪರದೆಯ ಮೇಲೆ ಕಂಡುದು ಕನ್ನಡ. ಗಣಕದ ಸ್ಮೃತಿಯಲ್ಲಿ ಉಳಿದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅದನ್ನು ಕನ್ನಡವಾಗಿ ಓದಿಸುತ್ತಿದ್ದುದು ಆಯಾ ತಂತ್ರಾಂಶದ ಫಾಂಟ್ ಮಾತ್ರ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳ ಸಂಕೇತಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಈ ಗೊಂದಲದ ನಡುವೆ ಕನ್ನಡಕ್ಕೆ ಸ್ಥಿರತೆ ತಂದವರನ್ನು ಸ್ಮರಿಸುವುದು ಅಗತ್ಯ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡದ ವರ್ಣಮಾಲೆಯ ತರ್ಕವನ್ನೇ ಆಧರಿಸಿ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿದರು. ವ್ಯಂಜನ, ಸ್ವರಗಳ ಕೀಲಿಗಳನ್ನು ಕ್ರಮವಾಗಿ ಒತ್ತಿದರೆ ಗುಣಿತಾಕ್ಷರ ತಾನಾಗಿ ಮೂಡುವ ಈ ವಿನ್ಯಾಸವನ್ನು ಅವರು ತಮ್ಮ 'ಸೇಡಿಯಾಪು' ತಂತ್ರಾಂಶದೊಡನೆ ಉಚಿತವಾಗಿ ಹಂಚಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಅದಕ್ಕೆ ಇಟ್ಟಿದ್ದು ಔಚಿತ್ಯಪೂರ್ಣವಾಗಿತ್ತು. ಅಲ್ಪ ಮಾರ್ಪಾಡಿನೊಡನೆ ಕರ್ನಾಟಕ ಸರ್ಕಾರ ಒಪ್ಪಿಕೊಂಡ ವಿನ್ಯಾಸ ಇದೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಸಂಶೋಧನ ವಿದ್ಯಾರ್ಥಿಗಳ ಮಹಾಪ್ರಬಂಧಗಳೂ ಜಾನಪದ ಸಂಗ್ರಹಗಳೂ ದೊಡ್ಡ ಪ್ರಮಾಣದಲ್ಲಿ ಗಣಕಕ್ಕೆ ಬಂದುದು ಈ ತಂತ್ರಾಂಶಗಳ ಮೂಲಕ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಬೆನ್ನ ಹಿಂದೆ ಕುಪ್ಪಳಿ ಮನೆತನದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿತ್ತು. ಗಣಕದಲ್ಲಿ ನೆಲೆ ಕಾಣದ ಭಾಷೆಗೆ ಮುಂದೆ ನೆಲೆಯಿಲ್ಲವೆಂಬ ಆತಂಕ ಅವರದಾಗಿತ್ತು.

ಇದೇ ಕಾಲದಲ್ಲಿ ಮತ್ತೊಂದು ದಾರಿಯೂ ತೆರೆದುಕೊಳ್ಳುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನವಿತ್ತು. ಇದರಲ್ಲಿ ದಾಖಲಾಗುವುದು ಅಕ್ಷರದ ಚಿತ್ರವಲ್ಲ, ಅಕ್ಷರವೇ. ಆದರೆ ಅದನ್ನು ಪರದೆಯ ಮೇಲೆ ಮೂಡಿಸಲು ಕಾರ್ಯಾಚರಣ ವ್ಯವಸ್ಥೆಗೆ ಒತ್ತಕ್ಷರ, ಗುಣಿತಗಳ ನಿಯಮ ತಿಳಿದಿರಬೇಕು. ವಿಂಡೋಸ್‌ನಲ್ಲಿ ಆ ಸೌಲಭ್ಯ ಕನ್ನಡಕ್ಕೆ ದೊರೆತುದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದರ ಕನ್ನಡ ಫಾಂಟಿನ ಹೆಸರು 'ತುಂಗಾ', ತೀರ್ಥಹಳ್ಳಿಯಲ್ಲಿ ಹರಿಯುವ ನದಿಯ ಹೆಸರೇ. ಹೀಗಿದ್ದರೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳದಿದ್ದರೆ ಆ ವ್ಯವಸ್ಥೆಯಲ್ಲಿಯೂ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಕುವೆಂಪು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿದ್ದು 2012ರಲ್ಲಿ. ಎಕ್ಸ್‌ಪಿ ಬಂದು ಆಗಲೇ ಒಂದು ದಶಕ ಕಳೆದಿತ್ತು. ಅಷ್ಟು ಕಾಲದ ಬರಹದ ದೊಡ್ಡ ಭಾಗ ಹಳೆಯ ಸಂಕೇತದಲ್ಲಿಯೇ ಉಳಿಯಿತು.

3. ವ್ಯವಸ್ಥೆ ಬದಲಾದಾಗ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 98ಕ್ಕೆ 2006ರ ಜುಲೈನಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಬೆಂಬಲ ನಿಂತ ವ್ಯವಸ್ಥೆಗೆ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಅಂತರ್ಜಾಲಕ್ಕೆ ತೆರೆದುಕೊಂಡ ಆವರಣದ ಗಣಕಗಳಿಗೆ ಅದು ಅಪಾಯಕಾರಿ. ಆದುದರಿಂದ ಬದಲಾವಣೆ ಅನಿವಾರ್ಯವೆಂಬುದರಲ್ಲಿ ವಿವಾದವಿಲ್ಲ.

ಈ ಬದಲಾವಣೆಯಲ್ಲಿ ಪಠ್ಯಕ್ಕೆ ಒದಗುವ ಹಾನಿ ಮೂರು ಬಗೆಯದು. ಮೊದಲನೆಯದು, ಓದಿಸುವ ತಂತ್ರಾಂಶವೇ ನಿಂತುಹೋಗುವುದು. 16 ಬಿಟ್ಟಿನ ಹಳೆಯ ತಂತ್ರಾಂಶಗಳು 64 ಬಿಟ್ಟಿನ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ 11 ದೊರೆಯುವುದು 64 ಬಿಟ್ಟಿನ ರೂಪದಲ್ಲಿ ಮಾತ್ರ. ಎರಡನೆಯದು, ಫಾಂಟ್ ಕಾಣೆಯಾಗುವುದು. ತಟ್ಟೆಯನ್ನು ಅಳಿಸಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದಾಗ ಬರಹದ ಕಡತವನ್ನು ಬೇರೆಡೆ ಉಳಿಸಿಕೊಂಡವರೂ ಫಾಂಟನ್ನು ಉಳಿಸಿಕೊಳ್ಳಲು ಮರೆಯುವುದುಂಟು. ಆಗ ಕಡತ ತೆರೆಯುತ್ತದೆ, ಕನ್ನಡ ಕಾಣುವುದಿಲ್ಲ. ವಿಂಡೋಸ್ 10ರಲ್ಲಿ 'ತುಂಗಾ' ಕೂಡ ತಾನಾಗಿ ಬರದೆ ಐಚ್ಛಿಕ ಫಾಂಟುಗಳ ಸಾಲಿಗೆ ಸೇರಿತು.

ಮೂರನೆಯದು ಹೆಚ್ಚು ಸೂಕ್ಷ್ಮವಾದುದು. ಹಳೆಯ ಸಂಕೇತದಿಂದ ಯೂನಿಕೋಡ್‌ಗೆ ಪರಿವರ್ತಿಸುವಾಗ ಪಠ್ಯವೇ ಬದಲಾಗುವುದು. ಹಳೆಯ ಕ್ರಮದಲ್ಲಿ ಅರ್ಕಾವತ್ತು ವ್ಯಂಜನದ ಅನಂತರ ದಾಖಲಾಗುತ್ತದೆ. ಯೂನಿಕೋಡ್‌ನಲ್ಲಿ ರೇಫವೇ ಮೊದಲು. ಪರಿವರ್ತಕವು ಪ್ರತಿಯೊಂದು ಅರ್ಕಾವತ್ತನ್ನೂ ಹಿಂದಕ್ಕೆ ಸರಿಸಬೇಕು. 'ರಾಜ್‌ಕುಮಾರ್' ಎಂಬಲ್ಲಿ ಜಕಾರದ ಪೊಲ್ಲು ಹಳೆಯ ಫಾಂಟಿನಲ್ಲಿ ಸ್ವತಂತ್ರ ಚಿತ್ರವಾಗಿರುತ್ತದೆ. ಪರಿವರ್ತನೆಯಲ್ಲಿ ಅದೃಶ್ಯವಾದ ಬೇರ್ಪಡಿಕೆಯ ಸಂಕೇತವನ್ನು ಸೇರಿಸದಿದ್ದರೆ ಅದು 'ರಾಜ್ಕುಮಾರ್' ಎಂದಾಗುತ್ತದೆ. ಶಿಷ್ಟ ಬರಹದಲ್ಲಿ ಓದುಗರು ಇದನ್ನು ಊಹಿಸಿ ತಿದ್ದಿಕೊಳ್ಳಬಲ್ಲರು. ಜಾನಪದ ಪಠ್ಯದಲ್ಲಿ ಊಹೆಗೆ ಆಧಾರವಿರುವುದಿಲ್ಲ. ಹವ್ಯಕರ ಆಡುಮಾತಿನ 'ಹೋಪನ' ಎಂಬ ರೂಪವನ್ನು ದೋಷವೆಂದು ಬಗೆದು ಪದಪರೀಕ್ಷಕದ ನೆರವಿನಿಂದ 'ಹೋಗೋಣ' ಎಂದು ತಿದ್ದಿದರೆ, ತಿಳಿಯದ ಪದದ ಜಾಗದಲ್ಲಿ ತಿಳಿದ ಪದ ಬರೆದ ಪ್ರತಿಕಾರನ ತಪ್ಪೇ ಮರುಕಳಿಸಿದಂತಾಗುತ್ತದೆ. ಹಾಡಿದವರು ತೀರಿಕೊಂಡು, ಧ್ವನಿಸುರುಳಿ ಬೂಷ್ಟು ಹಿಡಿದಿದ್ದರೆ ಆ ತಪ್ಪನ್ನು ತಿದ್ದಲು ಯಾವ ಮಾತೃಕೆಯೂ ಉಳಿದಿರುವುದಿಲ್ಲ.

4. ಹೊಸ ವ್ಯವಸ್ಥೆ ತಂದುಕೊಡುವುದು

ಹಾನಿಯನ್ನಷ್ಟೇ ಹೇಳುವುದು ಏಕಮುಖವಾದೀತು. ಹಳೆಯ ಸಂಕೇತದಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಾಗಲಿ, ಬೇರೆ ಬೇರೆ ತಂತ್ರಾಂಶಗಳ ಕಡತಗಳಲ್ಲಿ ಒಂದು ಪದವನ್ನು ಒಟ್ಟಿಗೆ ಹುಡುಕುವುದಾಗಲಿ ಸುಲಭವಾಗಿರಲಿಲ್ಲ. ಯೂನಿಕೋಡ್‌ನಲ್ಲಿ 'ಅಂಟಿಗೆ-ಪಂಟಿಗೆ', 'ಅಂಟಿಕೆ-ಪಂಟಿಕೆ' ಎಂಬ ರೂಪಭೇದಗಳೆರಡನ್ನೂ ಇಡೀ ಸಂಗ್ರಹದಲ್ಲಿ ಹುಡುಕಿ, ಯಾವ ರೂಪ ಯಾವ ಊರಿನದೆಂದು ಗುರುತಿಸಬಹುದು.

ಹಾಡಿನ ಎಳೆತವನ್ನು ತೋರಿಸಲು ಜಾನಪದ ಸಂಗ್ರಾಹಕರು ಬಳಸುವ ಅವಗ್ರಹ ಚಿಹ್ನೆ ಯೂನಿಕೋಡ್‌ನ ಕನ್ನಡ ವಿಭಾಗಕ್ಕೆ ಸೇರಿದ್ದು 2003ರ 4.0 ಆವೃತ್ತಿಯಲ್ಲಿ. ಕೆಳದಿಯ ಗರಿಗಳಲ್ಲಿ ಕಾಣುವ ತಿಗಳಾರಿ ಲಿಪಿಗೆ 'ತುಳು-ತಿಗಳಾರಿ' ಎಂಬ ಹೆಸರಿನಲ್ಲಿ ಸ್ಥಾನ ದೊರೆತುದು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ 16.0 ಆವೃತ್ತಿಯಲ್ಲಿ. ಇಂತಹ ಅಕ್ಷರಗಳ ಅರಿವಿಲ್ಲದ ಹಳೆಯ ವ್ಯವಸ್ಥೆಗಳಲ್ಲಿ ಅವು ಬರಿಯ ಚೌಕಗಳಾಗಿ ಕಾಣುತ್ತವೆ. ಹೀಗಾಗಿ ಹಳೆಯ ಹಸ್ತಪ್ರತಿಯನ್ನು ಅದರ ಲಿಪಿಯಲ್ಲಿಯೇ ಓದಬೇಕೆನ್ನುವವರಿಗೂ ಹೊಸ ವ್ಯವಸ್ಥೆ ಬೇಕು. ಹಳೆಯ ಗಣಕವನ್ನು ಹಾಗೆಯೇ ಉಳಿಸಿಕೊಳ್ಳುವುದು ಸಮಸ್ಯೆಗೆ ಶಾಶ್ವತ ಪರಿಹಾರವಾಗಲಾರದು.

5. ನಿರ್ಧಾರ ಯಾರದು?

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ನಿಗದಿತ ಪೀಳಿಗೆಯ ಸಂಸ್ಕಾರಕವೂ ಅಗತ್ಯ. ಇವಿಲ್ಲದ ಗಣಕ ಸುಸ್ಥಿತಿಯಲ್ಲಿದ್ದರೂ ಅಧಿಕೃತವಾಗಿ ಅದಕ್ಕೆ ಅರ್ಹವಲ್ಲ. ಹಣದ ಅನುಕೂಲ ಕಡಿಮೆ ಇರುವ ಗ್ರಾಮೀಣ ಕಾಲೇಜುಗಳಿಗೆ ಇದು ಭಾರವಾಗುತ್ತದೆ. ಇದಕ್ಕೆ ಪರ್ಯಾಯವೊಂದನ್ನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಾಣಬಹುದು. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಸ್ವತಂತ್ರ ತಂತ್ರಾಂಶದತ್ತ ಹೊರಳಿತು. ಅದರ ಉತ್ತರಾಧಿಕಾರಿಯಾದ 'ಕೈಟ್' ಸಂಸ್ಥೆ ಉಬುಂಟು ಆಧಾರಿತ ಗ್ನು/ಲಿನಕ್ಸ್ ಆವೃತ್ತಿಗಳನ್ನು ತಾನೇ ಸಿದ್ಧಪಡಿಸಿ ಶಾಲೆಗಳಿಗೆ ನೀಡುತ್ತದೆ. ಯಾವಾಗ ಬದಲಾಯಿಸಬೇಕು, ಯಾವ ಫಾಂಟ್, ಯಾವ ಕೀಲಿಮಣೆ ಜೊತೆಗಿರಬೇಕು ಎಂಬುದನ್ನು ಅಲ್ಲಿ ಶಿಕ್ಷಣ ವ್ಯವಸ್ಥೆಯೇ ನಿರ್ಧರಿಸಬಲ್ಲದು. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ಅಂತರ್ಗತವಾಗಿಯೇ ಇದೆ. ಕೇದಗೆ, ಮಲ್ಲಿಗೆ ಮೊದಲಾದ ಮುಕ್ತ ಫಾಂಟುಗಳು ದೊರೆಯುತ್ತವೆ. ಆದರೆ ವ್ಯವಸ್ಥೆ ಯಾವುದೇ ಇರಲಿ, ಹಳೆಯ ಸಂಕೇತದ ಕಡತಗಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಕಾರ್ಯಾಚರಣ ವ್ಯವಸ್ಥೆಯ ಬದಲಾವಣೆ ಕನ್ನಡ ಪಠ್ಯಗಳ ಮಟ್ಟಿಗೆ ಹಳೆಯ ಗರಿಯಿಂದ ಹೊಸ ಗರಿಗೆ ಪ್ರತಿ ಮಾಡುವ ಕಾರ್ಯದ ಮುಂದುವರಿಕೆ. ಆ ಕಾರ್ಯಕ್ಕೆ ಪರಂಪರೆಯೇ ಕಲಿಸಿದ ಶಿಸ್ತುಗಳಿವೆ. ಹೊಸ ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡುವವರೆಗೆ ಮೂಲವನ್ನು ನಾಶಪಡಿಸಬಾರದು. ಅಂತೆಯೇ ಮೂಲ ಕಡತ, ಅದರ ಫಾಂಟ್, ಸಾಧ್ಯವಿದ್ದಲ್ಲಿ ತಂತ್ರಾಂಶ, ಪುಟಗಳ ಚಿತ್ರರೂಪದ ಪ್ರತಿ ಇವುಗಳನ್ನು ಯೂನಿಕೋಡ್ ಪ್ರತಿಯ ಜೊತೆಯಲ್ಲಿಯೇ ಇಡಬೇಕು. ಪರಿವರ್ತಿತ ಪಠ್ಯವನ್ನು ಆ ಸೀಮೆಯ ಆಡುನುಡಿ ಬಲ್ಲವರು ಧ್ವನಿಮುದ್ರಣದೊಡನೆ ಓದಿ ಒಪ್ಪಬೇಕು. ಪ್ರತಿಕಾರ ಗರಿಯ ಕೊನೆಯಲ್ಲಿ ಬರೆಯುತ್ತಿದ್ದಂತೆ, ಕಡತದ ಕೊನೆಯಲ್ಲಿಯೂ ಹಾಡಿದವರು, ಸಂಗ್ರಹಿಸಿದವರು, ಬೆರಳಚ್ಚು ಮಾಡಿದವರು, ಬಳಸಿದ ತಂತ್ರಾಂಶ, ಪರಿವರ್ತಿಸಿದವರು, ಪರಿವರ್ತಿಸಿದ ದಿನ ಇವುಗಳ ಉಲ್ಲೇಖವಿರಬೇಕು. ಗಣಕಗಳ ಬದಲಾವಣೆಗೆ ಹಣ ಒದಗಿಸುವಾಗ ಈ ಕೆಲಸಕ್ಕೂ ಒಂದು ಪಾಲನ್ನು ತೆಗೆದಿಡುವುದು ಸಂಸ್ಥೆಗಳ ಹೊಣೆ.

ಮುಳುಗಡೆಯ ಕಾಲದಲ್ಲಿ ಏನನ್ನು ಒಯ್ಯಬೇಕೆಂಬುದನ್ನು ಆಯಾ ಮನೆಯವರೇ ಆರಿಸಿದರು. ಆವರಣದ ಗಣಕಗಳು ಬದಲಾಗುವಾಗ ಹಾಡಿದ ಹೆಂಗಸರಾಗಲಿ, ಸಂಗ್ರಹಿಸಿ ಹೊರಟುಹೋದ ವಿದ್ಯಾರ್ಥಿಗಳಾಗಲಿ ಅಲ್ಲಿರುವುದಿಲ್ಲ. ಅವರ ಪರವಾಗಿ ಆರಿಸಬೇಕಾದವರು ಗ್ರಂಥಪಾಲಕರು ಮತ್ತು ಸಂಶೋಧಕರು.