ಜೀಪಿನ ಸದ್ದಿನಲ್ಲಿ ಅಡಗಿರುವ ಚರಿತ್ರೆ

ಮಲೆನಾಡಿನ ಗ್ಯಾರೇಜಿಗೆ ಹಳೆಯ ಜೀಪೊಂದು ಬಂದು ನಿಂತರೆ ಅನುಭವಿ ಮೆಕ್ಯಾನಿಕ್ ಕೂಡಲೇ ಸ್ಪಾನರ್ ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಪ್ರಶ್ನೆ ಕೇಳುತ್ತಾನೆ. ಸದ್ದು ಯಾವಾಗ ಬರುತ್ತದೆ? ಕ್ಲಚ್ ಬಿಟ್ಟಾಗಲೋ, ವೇಗ ಏರಿದಾಗಲೋ, ತಿರುವಿನಲ್ಲೋ? ಸರಿಯಾದ ಉತ್ತರ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಜೀಪಿನ ಎಷ್ಟೋ ಕಾಯಿಲೆಗಳ ಮೂಲ ಅದು ಹುಟ್ಟಿದ ಕಾಲದಲ್ಲೇ ಇದೆ.

1940ರ ಬೇಸಿಗೆಯಲ್ಲಿ ಫ್ರಾನ್ಸ್ ಹಿಟ್ಲರನ ಸೇನೆಗೆ ಶರಣಾಗಿತ್ತು. ಯುದ್ಧ ತಮ್ಮ ಬಾಗಿಲಿಗೂ ಬರಬಹುದೆಂದು ಅಮೆರಿಕದ ಸೇನೆ ಎಚ್ಚೆತ್ತಿತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಹಗುರ ವಾಹನ ಬೇಕೆಂದು 135 ಕಂಪನಿಗಳಿಗೆ ಕರೆ ಹೋಯಿತು. ಮಾದರಿ ವಾಹನ ಒಪ್ಪಿಸಲು ಕೊಟ್ಟ ಗಡುವು ಕೇವಲ 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎರಡು ಮೂರು ದಿನಗಳಲ್ಲೇ ನಕ್ಷೆ ಬರೆದು ಮುಗಿಸಿದ. ಸೆಪ್ಟೆಂಬರ್ 23ರಂದು, ಗಡುವಿಗೆ ಅರ್ಧ ಗಂಟೆ ಇರುವಾಗ, ವಾಹನ ಸೇನೆಯ ಹೋಲಾಬರ್ಡ್ ಶಿಬಿರವನ್ನು ತಲುಪಿತು. ಹೊಸದಾಗಿ ಎಲ್ಲವನ್ನೂ ರೂಪಿಸಲು ಸಮಯವಿರಲಿಲ್ಲ. ಅದರ ಆ್ಯಕ್ಸಲ್‌ಗಳನ್ನು ಸ್ಟುಡಿಬೇಕರ್ ಕಂಪನಿಯ ಪ್ಯಾಸೆಂಜರ್ ಕಾರಿನ ಆ್ಯಕ್ಸಲ್ ಆಧರಿಸಿ ಮಾಡಲಾಗಿತ್ತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು.

ಈ ವಾಹನದಲ್ಲಿ ಶಕ್ತಿ ಹರಿಯುವ ದಾರಿ ಸರಳ. ಎಂಜಿನ್ನಿನಿಂದ ಕ್ಲಚ್, ಅಲ್ಲಿಂದ ಗಿಯರ್ ಬಾಕ್ಸ್, ಅದರ ಬೆನ್ನಿಗೇ ಟ್ರಾನ್ಸ್‌ಫರ್ ಕೇಸ್. ಇಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಶಾಫ್ಟ್ ಹಿಂದಿನ ಆ್ಯಕ್ಸಲ್‌ಗೆ, ಇನ್ನೊಂದು ಮುಂದಿನದಕ್ಕೆ. ಎಡ ಬಲ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ಉರುಳಬೇಕಲ್ಲವೆ? ಅದಕ್ಕಾಗಿ ಪ್ರತಿ ಆ್ಯಕ್ಸಲ್‌ನಲ್ಲೂ ಒಂದು ಡಿಫರೆನ್ಷಿಯಲ್ ಇದೆ.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಈ ವ್ಯತ್ಯಾಸ ಸರಿದೂಗಿಸಲು ನಡುವೆ ಮೂರನೆಯ ಡಿಫರೆನ್ಷಿಯಲ್ ಇರಬೇಕಿತ್ತು. ಜೀಪಿನಲ್ಲಿ ಅದಿಲ್ಲ. ಬದಲಿಗೆ ಒಂದು ಲಿವರ್ ಇದೆ. ಕೆಸರು, ಮರಳು ಬಂದಾಗ ಮುಂದಿನ ಚಕ್ರಗಳನ್ನು ಜೋಡಿಸಬೇಕು, ಗಟ್ಟಿ ರಸ್ತೆ ಸಿಕ್ಕಾಗ ಬಿಡಿಸಬೇಕು. ಯಂತ್ರ ಮಾಡಬೇಕಿದ್ದ ಕೆಲಸ ಹೀಗೆ ಚಾಲಕನ ಪಾಲಿಗೆ ಬಂತು.

ಚಾಲಕ ಇದನ್ನು ಮರೆತಾಗಲೇ ತೊಂದರೆ. ಕೆಸರಿನಲ್ಲಿ ಟೈರು ಒಂದಿಷ್ಟು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಎಡೆಯಿಲ್ಲ. ಶಾಫ್ಟುಗಳು ಬಟ್ಟೆ ಹಿಂಡಿದಂತೆ ಬಿಗಿದುಕೊಳ್ಳುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ, ಲಿವರ್ ಎಳೆದರೂ ಬರುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಕೆಟ್ಟಿತೆಂದು ಬಿಚ್ಚಿಸುವವರುಂಟು. ಗಾಡಿಯನ್ನು ಸ್ವಲ್ಪ ದೂರ ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲಿ, ಲಿವರ್ ತಾನಾಗಿ ಬಂದೀತು. ಮತ್ತೆ ಮತ್ತೆ ಹೀಗಾದರೆ ಮೊದಲು ಟೈರುಗಳನ್ನು ನೋಡಬೇಕು. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದರೆ ನೇರ ರಸ್ತೆಯಲ್ಲೂ ಇದೇ ಬಿಗಿತ ಹುಟ್ಟುತ್ತದೆ.

‘ಲೋ’ ಗಿಯರ್ ಬೀಳುತ್ತಿಲ್ಲ ಎಂಬುದು ಇನ್ನೊಂದು ದೂರು. ಮುಂದಿನ ಚಕ್ರಗಳನ್ನು ಜೋಡಿಸದೆ ಅದು ಬೀಳುವುದೇ ಇಲ್ಲ. ಯುದ್ಧಕಾಲದ ಜೀಪಿನಲ್ಲಿ ಲೋ ಹಾಕಿ ಮೊದಲ ಗಿಯರ್‌ನಲ್ಲಿ ಹೊರಟರೆ ಎಂಜಿನ್ ಸುಮಾರು 26 ಸುತ್ತು ತಿರುಗಿದಾಗ ಚಕ್ರ ಒಂದೇ ಸುತ್ತು ತಿರುಗುತ್ತದೆ. ಅಷ್ಟು ಬಲ ಹಿಂದಿನ ಆ್ಯಕ್ಸಲ್ ಒಂದರ ಮೇಲೆಯೇ ಬಿದ್ದರೆ ಅದು ಮುರಿದೀತು. ಹಾಗಾಗದಂತೆ ಒಳಗೆ ತಡೆಯೊಂದನ್ನು ಇಟ್ಟಿದ್ದಾರೆ. ಇದು ದೋಷವಲ್ಲ, ಮುನ್ನೆಚ್ಚರಿಕೆ.

ಉಳಿದ ಕಾಯಿಲೆಗಳನ್ನು ಕಿವಿಯೇ ಹೇಳುತ್ತದೆ. ಕ್ಲಚ್ ಬಿಟ್ಟೊಡನೆ ಅಡಿಯಲ್ಲಿ ‘ಟಣ್’ ಎಂದರೆ ಯೂನಿವರ್ಸಲ್ ಜಾಯಿಂಟ್ ಸವೆದಿರುವ ಸಂಭವ ಹೆಚ್ಚು. 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರಿಗೆ ಅಂಟಿದ ಈ ಕೀಲನ್ನು ಮೋಟಾರಿಗೆ ಒಗ್ಗಿಸಿ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಪೇಟೆಂಟ್ ಪಡೆದ. ಬಾಗಿ ತಿರುಗುವಾಗ ಇದರ ವೇಗ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಏರಿಳಿಯುತ್ತದೆ. ಒಂದು ತುದಿಯ ಏರಿಳಿತವನ್ನು ಇನ್ನೊಂದು ತುದಿಯ ಕೀಲು ಅಳಿಸಬೇಕು. ಶಾಫ್ಟ್ ಬಿಚ್ಚಿ ಮರಳಿ ಕೂಡಿಸುವಾಗ ಬಾಣದ ಗುರುತುಗಳನ್ನು ಎದುರುಬದುರು ಹೊಂದಿಸದಿದ್ದರೆ ಗಾಡಿ ನಡುಗತೊಡಗುತ್ತದೆ. ‘ರಿಪೇರಿ ಆದ ಮೇಲೆ ಹಾಳಾಯಿತು’ ಎಂಬ ಮಾತಿಗೆ ಇದೂ ಒಂದು ಕಾರಣ.

ಎಕ್ಸಿಲರೇಟರ್ ಒತ್ತಿದಾಗ ಕೇಳುವ ಕೊರೆತದ ಸದ್ದು ಕಾಲು ತೆಗೆದೊಡನೆ ಬದಲಾದರೆ ಡಿಫರೆನ್ಷಿಯಲ್‌ನ ಹಲ್ಲುಗಳನ್ನು ಶಂಕಿಸಬೇಕು. ಕಾಲಿಟ್ಟರೂ ತೆಗೆದರೂ ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಚಕ್ರದ ಬೇರಿಂಗ್ ನೋಡಬೇಕು. ಆದರೆ ಗಾಡಿಯ ಅಡಿಗೆ ನುಗ್ಗುವ ಮುನ್ನ ಚಕ್ರಗಳಿಗೆ ಕಲ್ಲು ಕೊಡುವುದನ್ನು ಮರೆಯಬಾರದು. ಈ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರಗಳಿಗೆ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮಿಗೆ ಹಿಡಿಯುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿದರೆ ಬ್ರೇಕ್ ಎಳೆದಿದ್ದರೂ ಗಾಡಿ ಉರುಳೀತು. ಪ್ರಾಣಕ್ಕೇ ಅಪಾಯ.

ಅಮೆರಿಕದ ಸೇನೆ 1944ರಲ್ಲಿ ಹೊರತಂದ ಜೀಪಿನ ಕೈಪಿಡಿಯಲ್ಲಿ ಒಂದೊಂದು ಭಾಗಕ್ಕೂ ದೋಷ, ಕಾರಣ, ಪರಿಹಾರಗಳನ್ನು ವಿಂಗಡಿಸಿ ಕೊಟ್ಟಿದ್ದರು. ನಿನ್ನೆಯವರೆಗೆ ಹೊಲದಲ್ಲೋ ಅಂಗಡಿಯಲ್ಲೋ ಇದ್ದ ಹುಡುಗ ಅದನ್ನು ಓದಿ ರಣರಂಗದಲ್ಲೇ ಗಾಡಿ ಹೊರಡಿಸಬೇಕಿತ್ತು.

ಭಾರತಕ್ಕೆ ಯುದ್ಧದ ಜೀಪುಗಳ ಹಿಂದೆಯೇ ನಾಗರಿಕ ಜೀಪುಗಳೂ ಬಂದವು. 1945ರಲ್ಲಿ ಹುಟ್ಟಿದ ಮಹೀಂದ್ರ ಸಂಸ್ಥೆ 40ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತ್ತು. ಅಮೆರಿಕದಲ್ಲಿ 1953ರಲ್ಲಿ ಬಂದ ಸಿಜೆ-3ಬಿ ಮಾದರಿಯನ್ನು ಇಲ್ಲಿ ದಶಕಗಳ ಕಾಲ ತಯಾರಿಸಲಾಯಿತು. ಕೊಡಗಿನ ಕಾಫಿ ತೋಟಗಳಲ್ಲಿ, ಕೊಡಚಾದ್ರಿಯ ಕಡಿದಾದ ದಾರಿಯಲ್ಲಿ ಜೀಪು ಮನೆಮಾತಾಯಿತು. ಇಂಗ್ಲಿಷ್ ಕೈಪಿಡಿಯನ್ನು ಕಾಣದ ನಮ್ಮ ಮೆಕ್ಯಾನಿಕ್‌ಗಳು ಗುರುವಿನ ಪಕ್ಕದಲ್ಲಿ ಕೂತು, ಕೈಗೆ ಗ್ರೀಸ್ ಮೆತ್ತಿಕೊಂಡು ಇದೇ ವಿದ್ಯೆ ಕಲಿತರು.

ಆ ತಲೆಮಾರಿಗೆ ಈಗ ವಯಸ್ಸಾಗಿದೆ. ಹೊಸ ವಾಹನಗಳ ದೋಷವನ್ನು ಕಂಪ್ಯೂಟರ್ ಓದಿ ಹೇಳುತ್ತದೆ. ಹಳೆಯ ಜೀಪಿಗೆ ಅದನ್ನು ಸಿಕ್ಕಿಸುವ ಜಾಗವೇ ಇಲ್ಲ. ಮನೆಯಲ್ಲಿ ಅಂಥ ಜೀಪು ಉಳಿಸಿಕೊಂಡವರು ಊರಿನ ಹಿರಿಯ ಮೆಕ್ಯಾನಿಕ್‌ನ ಪಕ್ಕದಲ್ಲಿ ಒಬ್ಬ ಹುಡುಗನನ್ನೂ ಕೂರಿಸಿ, ಆ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವಂತೆ ಮಾಡುವುದು ಒಳ್ಳೆಯದು. ಬಿಡಿಭಾಗ ಹೇಗಾದರೂ ಸಿಕ್ಕೀತು, ಸದ್ದು ಗುರುತಿಸುವ ಕಿವಿ ಅಂಗಡಿಯಲ್ಲಿ ಸಿಗುವುದಿಲ್ಲ.