ಹಸಿರು ಬಟನ್ ಒತ್ತಿದ್ದು ಯಾರು? ಪಂಪ್ ಶೆಡ್ಡಿನ ಗೋಡೆ ಮೇಲಿನ ಚರಿತ್ರೆ

(ಸಂಚಿಕೆಯ ಬರಹ ರೂಪ)

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ಇವತ್ತಿನದ್ದು ಒಂದು ಡಬ್ಬಿಯ ಕಥೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವ ಅಡಿಕೆ ತೋಟಕ್ಕೆ ಹೋದರೂ ಪಂಪ್ ಶೆಡ್ಡಿನ ಗೋಡೆ ಮೇಲೆ ಅದು ಉಂಟು. ಒಂದು ಹಸಿರು ಬಟನ್, ಒಂದು ಕೆಂಪು ಬಟನ್. ನಾವು ಅದಕ್ಕೆ ಸ್ಟಾರ್ಟರ್ ಅಂತೇವೆ. ಮುಚ್ಚಳ ತೆಗೆದರೆ ಒಳಗೆ ಒಂದು ಸತ್ತ ಹಲ್ಲಿ, ಒಂದಷ್ಟು ಇರುವೆ ಇದ್ದೇ ಇರ್ತವೆ.

ನಾನು ಬಿ.ಕಾಂ. ಓದಿದವ. ಕರೆಂಟಿನ ವಿಷಯದಲ್ಲಿ ನನಗೆ ಅರ್ಥ ಆಗ್ತಿದ್ದದ್ದು ಬಿಲ್ ಮಾತ್ರ. ಆದರೆ ಎರಡು ವರ್ಷದ ಹಿಂದೆ ಬೆಳ್ತಂಗಡಿಯ ಮಾವನ ಮನೆಯಲ್ಲಿ ಒಂದು ಘಟನೆ ಆಯ್ತು. ಆಮೇಲೆ ಈ ಡಬ್ಬಿಯನ್ನು ಬಿಡ್ಲಿಕ್ಕೆ ಆಗಲಿಲ್ಲ. ಆ ಘಟನೆ ಕೊನೆಗೆ ಹೇಳ್ತೇನೆ. ಮೊದಲು ಚರಿತ್ರೆ.

ಕರೆಂಟಿಗೆ ಮೊದಲು

ಕರ್ನಾಟಕದಲ್ಲಿ ವಿದ್ಯುತ್ತಿನ ಕಥೆ ಶುರು ಆಗೋದು ಶಿವನಸಮುದ್ರದಲ್ಲಿ, 1902ರಲ್ಲಿ. ಕಾವೇರಿಯ ನೀರಿನಿಂದ ತಯಾರಾದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಉರಿಯಿತು. ಆದರೆ ನಮ್ಮ ಊರು ಆಗ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ, ಮದ್ರಾಸ್ ಪ್ರಾಂತ್ಯದಲ್ಲಿತ್ತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕೆಇಬಿ, ಅಂದರೆ ವಿದ್ಯುತ್ ಮಂಡಳಿ, ಹುಟ್ಟಿದ್ದು 1957ರಲ್ಲಿ. ಮೆಸ್ಕಾಂ ಬಂದದ್ದು 2002ರಲ್ಲಿ. ಈಗಲೂ ಹಳಬರು ಕರೆಂಟು ಹೋದರೆ "ಕೆಇಬಿಗೆ ಫೋನ್ ಮಾಡು" ಅಂತಾರೆ, ಗಮನಿಸಿದ್ದೀರಾ?

ಹಾಗಾದರೆ ಅಲ್ಲಿಯ ತನಕ ತೋಟಕ್ಕೆ ನೀರು ಹೇಗೆ? ಏತ, ಅಡಿಕೆ ಮರದ ದಂಬೆ, ಗುಡ್ಡಕ್ಕೆ ಕೊರೆದ ಸುರಂಗ. ಸುರಂಗದ ನೀರು ತಾನಾಗಿ ಇಳಿದು ಬರ್ತದೆ, ಬಟನ್ ಬೇಡ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾಗಾಗಿ ನಮ್ಮ ಊರಿನ ಮೊದಲ "ಆಟೋಮ್ಯಾಟಿಕ್ ನೀರಾವರಿ" ಯಾವುದು ಅಂತ ಕೇಳಿದರೆ ನಾನು ಸುರಂಗ ಅಂತಲೇ ಹೇಳ್ತೇನೆ.

ಆದರೆ ಎಲ್ಲರ ಜಾಗದಲ್ಲೂ ಸುರಂಗದಲ್ಲಿ ನೀರು ಸಿಗುವುದಿಲ್ಲ. ಹೊಳೆ ಕೆಳಗೆ, ತೋಟ ಮೇಲೆ. ನೀರು ಎತ್ತಲೇಬೇಕು. ಮೋಟಾರ್ ಬಂತು, ಮೋಟಾರಿನ ಜೊತೆಗೆ ಸ್ಟಾರ್ಟರ್ ಬಂತು.

ಡಬ್ಬಿಯೊಳಗೆ ಎಂತ ಉಂಟು?

ಹಸಿರು ಬಟನ್ ಒತ್ತಿದಾಗ ನಿಮ್ಮ ಬೆರಳು ಮೋಟಾರಿಗೆ ಕರೆಂಟ್ ಕೊಡುವುದಿಲ್ಲ. ಒಂದು ಸಣ್ಣ ಕಾಯಿಲಿಗೆ ಕೊಡ್ತದೆ. ಕಾಯಿಲ್ ಅಯಸ್ಕಾಂತ ಆಗಿ ಒಂದು ಕಬ್ಬಿಣದ ತುಂಡನ್ನು ಎಳೀತದೆ, "ಟಕ್" ಅಂತ ಶಬ್ದ ಬರ್ತದಲ್ಲ, ಅದೇ. ಆ ತುಂಡು ಮೂರು ಫೇಸನ್ನೂ ಒಟ್ಟಿಗೆ ಜೋಡಿಸ್ತದೆ. ಇದಕ್ಕೆ ಕಾಂಟ್ಯಾಕ್ಟರ್ ಅಂತ ಹೆಸರು. ಬೆರಳು ತೆಗೆದರೂ ಕಾಂಟ್ಯಾಕ್ಟರ್ ತನ್ನದೇ ಒಂದು ಸಣ್ಣ ಕಾಂಟ್ಯಾಕ್ಟಿನ ಮೂಲಕ ಕಾಯಿಲಿಗೆ ಕರೆಂಟ್ ತಗೊಂಡು ಹಿಡಿದೇ ಇರ್ತದೆ.

ಕರೆಂಟ್ ಹೋದರೆ? ಕಾಯಿಲ್ ಬಿಡ್ತದೆ. ಮತ್ತೆ ಕರೆಂಟ್ ಬಂದರೂ ಮೋಟಾರ್ ತಾನಾಗಿ ಶುರು ಆಗುವುದಿಲ್ಲ. ಯಾರಾದರೂ ಬಂದು ಹಸಿರು ಬಟನ್ ಒತ್ತಬೇಕು. ಇದು ಕೊರತೆ ಅಲ್ಲ, ಬೇಕಂತಲೇ ಮಾಡಿದ ರಕ್ಷಣೆ. ಕರೆಂಟ್ ಇಲ್ಲದಾಗ ಯಾರೋ ಮೋಟಾರಿಗೆ ಕೈ ಹಾಕಿರಬಹುದು ಅಲ್ವಾ? ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಒಂದು ಸ್ಕ್ರೂವಿನ ಚರಿತ್ರೆ

ಬಿ.ಸಿ. ರೋಡ್ ಹತ್ತಿರ ಒಬ್ಬರು ಪ್ಯಾನೆಲ್ ಬೋರ್ಡ್ ಮಾಡುವ ಎಲೆಕ್ಟ್ರೀಶಿಯನ್ ಇದ್ದಾರೆ. ಗಲ್ಫಿನಲ್ಲಿ ಕೆಲಸ ಮಾಡಿ ಬಂದವರು. "ಅಣ್ಣಾ, ಸ್ಟಾರ್ಟರ್ ಯಾಕೆ ಸುಟ್ಟುಹೋಗ್ತದೆ?" ಅಂತ ಕೇಳಿದೆ. "ಹೆಚ್ಚಾಗಿ ಲೂಸ್ ಕನೆಕ್ಷನ್ ಮಾರಾಯ್ರೇ" ಅಂದರು.

ಲೆಕ್ಕ ನೋಡಿ. 5 ಎಚ್‌ಪಿ ಮೋಟಾರ್ ಸುಮಾರು ಏಳೂವರೆ ಆಂಪಿಯರ್ ಎಳೀತದೆ. ಒಂದು ಸ್ಕ್ರೂ ಸಡಿಲಾಗಿ, ತುಕ್ಕು ಹಿಡಿದು, ಆ ಜಾಗದಲ್ಲಿ 1 ಓಮ್ ರೆಸಿಸ್ಟೆನ್ಸ್ ಬಂತು ಅಂತ ಇಟ್ಟುಕೊಳ್ಳಿ. ಆ ಒಂದೇ ಬಿಂದುವಿನಲ್ಲಿ 56 ವ್ಯಾಟ್ ಶಾಖ. ಸಾಮಾನ್ಯ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದ್ದು. ಅಂದರೆ ಡಬ್ಬಿಯೊಳಗೆ ಎರಡು ಸೋಲ್ಡರಿಂಗ್ ಕಡ್ಡಿ ಉರಿಸಿಟ್ಟು ಮನೆಗೆ ಹೋದ ಹಾಗೆ. ನಮ್ಮ ಮಳೆಗಾಲದ ತೇವ, ಮೋಟಾರಿನ ನಡುಕ, ಬಿಸಿ ಆಗಿ ತಣ್ಣಗಾಗುವ ವಯರ್, ಇವೆಲ್ಲ ಸೇರಿ ಸ್ಕ್ರೂವನ್ನು ಮೆಲ್ಲಗೆ ಸಡಿಲ ಮಾಡ್ತವೆ.

ಈ ಸಮಸ್ಯೆ ನಮ್ಮದು ಮಾತ್ರ ಅಲ್ಲ. ಜರ್ಮನಿಯ ಎಸೆನ್ ನಗರದಲ್ಲಿ 1923ರಲ್ಲಿ ಫೀನಿಕ್ಸ್ ಕಾಂಟ್ಯಾಕ್ಟ್ ಕಂಪನಿ ಶುರು ಆಯ್ತು. 1928ರಲ್ಲಿ ಅವರು ಅಲ್ಲಿನ ವಿದ್ಯುತ್ ಕಂಪನಿ ಆರ್‌ಡಬ್ಲ್ಯೂಇ ಜೊತೆ ಸೇರಿ ಬಿಡಿಬಿಡಿಯಾಗಿ ಜೋಡಿಸಬಹುದಾದ ಟರ್ಮಿನಲ್ ಬ್ಲಾಕ್ ಮಾಡಿದರು. ಒಂದು ಪಟ್ಟಿಯ ಮೇಲೆ ಬೇಕಾದಷ್ಟು ಟರ್ಮಿನಲ್ ಸಾಲಾಗಿ ಕೂರಿಸಬಹುದು. ಇವತ್ತು ಯಾವ ಪ್ಯಾನೆಲ್ ತೆರೆದರೂ 35 ಮಿಲಿಮೀಟರ್ ಅಗಲದ ಒಂದು ತಗಡಿನ ಪಟ್ಟಿ ಕಾಣ್ತದೆ, ಡಿನ್ ರೈಲ್. ಅದರ ಮೇಲೆ ಎಲ್ಲವೂ ಕ್ಲಿಕ್ ಅಂತ ಕೂರ್ತದೆ.

1951ರಲ್ಲಿ ಮಿಂಡೆನ್ ಎಂಬ ಊರಿನಲ್ಲಿ ವಾಗೊ ಕಂಪನಿ ಹುಟ್ಟಿತು. ಅವರ ವಿಚಾರ ಸರಳ: ಸ್ಕ್ರೂ ಬೇಡ, ಸ್ಪ್ರಿಂಗ್ ಸಾಕು. ಸ್ಕ್ರೂ ಒಮ್ಮೆ ಬಿಗಿದರೆ ಅಷ್ಟೇ. ಸ್ಪ್ರಿಂಗ್ ಮಾತ್ರ ವಯರ್ ಸ್ವಲ್ಪ ಕುಗ್ಗಿದರೂ ಒತ್ತುತ್ತಲೇ ಇರ್ತದೆ. 1977ರಲ್ಲಿ ಅವರ ಕೇಜ್ ಕ್ಲ್ಯಾಂಪ್ ಬಂತು. ಈಗ ಪುಶ್-ಇನ್ ಬಂದಿದೆ, ವಯರಿನ ತುದಿಗೆ ಫೆರೂಲ್ ಹಾಕಿ ತೂತಿಗೆ ತಳ್ಳಿದರೆ ಮುಗೀತು. ಆ ಅಣ್ಣ ನನಗೆ ಒಂದನ್ನು ಕೈಗೆ ಕೊಟ್ಟು "ಎಳೆದು ನೋಡಿ" ಅಂದರು. ಎಳೆದೆ, ಬರಲಿಲ್ಲ. "ಆದರೆ ತೋಟದವರು ಸ್ಕ್ರೂವಿನದ್ದೇ ಕೇಳ್ತಾರೆ. ರಾತ್ರಿ ಕೆಟ್ಟರೆ ಸ್ಕ್ರೂಡ್ರೈವರ್ ಮನೆಯಲ್ಲಿ ಉಂಟಲ್ಲ" ಅಂದರು. ಅದೂ ಸರಿಯೇ.

ನಮ್ಮದೇ ಆಟೋಮೇಶನ್

ಅಮೆರಿಕದಲ್ಲಿ ಜನರಲ್ ಮೋಟಾರ್ಸಿನವರಿಗೆ ಒಂದು ತಲೆನೋವಿತ್ತು. ಕಾರಿನ ಮಾಡೆಲ್ ಬದಲಾದಾಗೆಲ್ಲ ರಿಲೇ ತುಂಬಿದ ಪ್ಯಾನೆಲ್‌ಗಳ ವಯರಿಂಗ್ ಮತ್ತೆ ಮಾಡಬೇಕು. 1968ರಲ್ಲಿ ಅವರು ಪರಿಹಾರ ಕೇಳಿದರು. ಡಿಕ್ ಮಾರ್ಲಿ ಮತ್ತು ಜೊತೆಗಾರರು 1969ರಲ್ಲಿ ಮೋಡಿಕಾನ್ 084 ಕೊಟ್ಟರು. ಅವರ 84ನೇ ಪ್ರಾಜೆಕ್ಟ್, ಹಾಗಾಗಿ ಆ ಹೆಸರು. ವಯರ್ ಬದಲಿಸುವ ಬದಲು ಪ್ರೋಗ್ರಾಂ ಬದಲಿಸಿದರೆ ಸಾಕಾಯ್ತು. ಇದೇ ಪಿಎಲ್‌ಸಿ.

ನಮ್ಮ ತೋಟಕ್ಕೆ ಬಂದ ಆಟೋಮೇಶನ್ನಿನ ಕಾರಣವೇ ಬೇರೆ. ತ್ರೀ ಫೇಸ್ ರಾತ್ರಿ ಎರಡು ಗಂಟೆಗೆ ಬರ್ತದೆ. ಮಾವ ಟಾರ್ಚ್ ಹಿಡ್ಕೊಂಡು, ಹಾವಿಗೆ ಹೆದರ್ಕೊಂಡು, ಕೆಲವು ಸಲ ಆನೆ ಬಂದಿದೆಯಾ ಅಂತ ಕಿವಿ ಕೊಟ್ಕೊಂಡು ಹೊಳೆ ಬದಿಗೆ ಇಳೀತಿದ್ದರು. ಯಾರಿಗೆ ಬೇಕು ಅದು? ಅದಕ್ಕೆ ಆಟೋ ಸ್ವಿಚ್ ಬಂತು. ಕರೆಂಟ್ ಬಂದ ಕೂಡಲೇ ಮೋಟಾರ್ ತಾನಾಗಿ ಆನ್. ಕರ್ನಾಟಕದಲ್ಲಿ 10 ಎಚ್‌ಪಿ ತನಕದ ಕೃಷಿ ಪಂಪಿಗೆ ಕರೆಂಟ್ ಉಚಿತ, ಹಾಗಾಗಿ ಸುಮ್ಮನೆ ಓಡಿದರೂ ಬಿಲ್ಲಿನ ಭಯ ಇಲ್ಲ.

ಆದರೆ ಎಲ್ಲರ ಮನೆಯಲ್ಲೂ ಆಟೋ ಸ್ವಿಚ್ ಇದ್ದರೆ? ಮೋಟಾರ್ ಶುರು ಆಗುವಾಗ ಸುಮಾರು ಆರು ಪಟ್ಟು ಕರೆಂಟ್ ಎಳೀತದೆ. 5 ಎಚ್‌ಪಿಯ ಹತ್ತು ಪಂಪ್ ಓಡ್ತಾ ಇದ್ದರೆ 75 ಆಂಪಿಯರ್. 63 ಕೆವಿಎ ಟ್ರಾನ್ಸ್‌ಫಾರ್ಮರ್ ಸುಮಾರು 85 ಆಂಪಿಯರ್ ಕೊಡ್ತದೆ, ಸರಿಹೋಗ್ತದೆ. ಆದರೆ ಹತ್ತೂ ಒಂದೇ ಕ್ಷಣಕ್ಕೆ ಶುರು ಆದರೆ 450 ಆಂಪಿಯರ್. ವೋಲ್ಟೇಜ್ ಕುಸೀತದೆ, ಮೋಟಾರ್ ಮುಕ್ಕುತ್ತದೆ, ಟ್ರಾನ್ಸ್‌ಫಾರ್ಮರ್ ಬಳಲ್ತದೆ. ಆಮೇಲೆ ಬೈಗುಳ ಯಾರಿಗೆ? ಲೈನ್‌ಮ್ಯಾನಿಗೆ.

ಅದರ ಮುಂದಿನದ್ದು ಮೊಬೈಲ್ ಸ್ಟಾರ್ಟರ್. ಡಬ್ಬಿಗೆ ಒಂದು ಸಿಮ್. ಎಲ್ಲಿಂದಲಾದರೂ ಕಾಲ್ ಮಾಡಿ, ಪಂಪ್ ಆನ್. ಒಂದು ಫೇಸ್ ಇಲ್ಲದಿದ್ದರೆ ಅಥವಾ ಬಾವಿಯಲ್ಲಿ ನೀರು ಮುಗಿದಿದ್ದರೆ ತಾನೇ ಆಫ್ ಮಾಡಿ ಸುದ್ದಿ ಹೇಳ್ತದೆ. ವಯಸ್ಸಾದ ಅಪ್ಪ ಅಮ್ಮ ಊರಲ್ಲಿ, ಮಗ ಬೆಂಗಳೂರಲ್ಲಿ ಇರುವ ಮನೆಗಳಲ್ಲಿ ತೋಟ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಬೀಜದ ಫ್ಯಾಕ್ಟರಿ

ತೋಟದಿಂದ ಹೊರಗೆ ಬಂದರೆ ಮೂಡುಬಿದಿರೆ ಕಡೆಯ ಗೇರುಬೀಜದ ಕಾರ್ಖಾನೆಗಳು. ಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ಬೋರ್ಮಾದಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡ್ ಮಾಡ್ತಾರೆ. ಒಡೆಯುವ ಕೆಲಸ ಹೆಂಗಸರದ್ದು. ಚಿಪ್ಪಿನ ಎಣ್ಣೆ ಕೈ ಸುಡ್ತದೆ, ಅದಕ್ಕೆ ಬೂದಿ ಅಥವಾ ಎಣ್ಣೆ ಹಚ್ಚಿಕೊಂಡು ಕೂರ್ತಾರೆ. ನಿಮ್ಮಲ್ಲಿ ಕೆಲವರ ಕಾಲೇಜು ಫೀಸು ಆ ಕೈಯಿಂದಲೇ ಬಂದಿರಬಹುದು.

ಈಗ ಒಡೆಯುವುದಕ್ಕೂ ಯಂತ್ರ ಉಂಟು, ಬಣ್ಣ ನೋಡಿ ಬೇರೆ ಮಾಡುವುದಕ್ಕೂ ಉಂಟು. ಕಲರ್ ಸಾರ್ಟರ್‌ನಲ್ಲಿ ತಿರುಳು ಜಾರಿ ಬೀಳುವಾಗ ಕ್ಯಾಮೆರಾ ನೋಡ್ತದೆ. ಕಪ್ಪಾಗಿದ್ದರೆ ಒಂದು ಸಣ್ಣ ವಾಲ್ವ್ ತೆರೆದು ಗಾಳಿ ಹೊಡೆದು ಅದನ್ನು ಬದಿಗೆ ಎಸೀತದೆ. ಕಣ್ಣು ರೆಪ್ಪೆ ಹೊಡೆಯುವುದರೊಳಗೆ. ಸುಡುವ ಎಣ್ಣೆಯಿಂದ ಕೈ ತಪ್ಪಿಸಿಕೊಂಡದ್ದು ಒಳ್ಳೆಯದೇ. ಆದರೆ ಆ ಕೈಗೆ ಮುಂದೆ ಎಂತ ಕೆಲಸ ಅನ್ನುವುದನ್ನು ಯಂತ್ರ ಹೇಳುವುದಿಲ್ಲ. ಸೆನ್ಸರ್ ಒರೆಸುವ, ಕನೆಕ್ಟರ್ ಬದಲಿಸುವ, ಪ್ಯಾನೆಲ್ ನೋಡುವ ಕೆಲಸ ಹುಟ್ಟಿದೆ. ಅದನ್ನು ಆ ಹೆಂಗಸರಿಗೆ, ಅವರ ಮಕ್ಕಳಿಗೆ ಕಲಿಸ್ತೇವಾ? ಪ್ರಶ್ನೆ ಅದು.

ಹೊಸತು ಎಂತ?

ಎರಡು ಹೆಸರು ನೆನಪಿಟ್ಟುಕೊಳ್ಳಿ. ಒಂದು ಐಒ-ಲಿಂಕ್, 2013ರಲ್ಲಿ ಅಂತಾರಾಷ್ಟ್ರೀಯ ಮಾನದಂಡ ಆಯ್ತು. ಹಳೆಯ ಸೆನ್ಸರ್ ಹೌದು ಅಥವಾ ಅಲ್ಲ ಅಂತ ಮಾತ್ರ ಹೇಳ್ತಿತ್ತು. ಐಒ-ಲಿಂಕ್ ಸೆನ್ಸರ್ "ನನ್ನ ಗಾಜಿಗೆ ಧೂಳು ಹಿಡಿದಿದೆ" ಅಂತಲೂ ಹೇಳಬಲ್ಲದು. ಇನ್ನೊಂದು ಸಿಂಗಲ್ ಪೇರ್ ಈಥರ್ನೆಟ್. 2019ರ ಮಾನದಂಡದ ಪ್ರಕಾರ ಬರೀ ಎರಡು ಎಳೆ ವಯರಿನಲ್ಲಿ 1000 ಮೀಟರ್ ತನಕ ಡೇಟಾ ಕಳಿಸಬಹುದು. ನಮ್ಮ ಕಡೆ ಮನೆಯಿಂದ ಹೊಳೆ ಬದಿಯ ಶೆಡ್ಡಿಗೆ ಎಷ್ಟು ದೂರ? ಹೆಚ್ಚಾಗಿ ಅದರೊಳಗೇ. ಸದ್ಯಕ್ಕೆ ಇದು ದೊಡ್ಡ ಕಾರ್ಖಾನೆಗಳ ವಸ್ತು. ಸ್ಟಾರ್ಟರ್ ಕೂಡ ಒಂದು ಕಾಲದಲ್ಲಿ ಹಾಗೇ ಇತ್ತು.

ಆ ದಿನ

ಈಗ ಮಾವನ ಮನೆಯ ಕಥೆ. ಮಾವ ಮದುವೆಗೆ ಅಂತ ಮಂಗಳೂರಿಗೆ ಹೋಗಿದ್ದರು. ಮೋಟಾರ್ ವಿಚಿತ್ರ ಶಬ್ದ ಮಾಡ್ತಿದೆ ಅಂತ ಭಾವ ಶೆಡ್ಡಿಗೆ ಇಳಿದ. ನಾನೂ ಹೋದೆ. ಅವ ಕೆಂಪು ಬಟನ್ ಒತ್ತಿ, ಮೋಟಾರಿನ ಟರ್ಮಿನಲ್ ಬಾಕ್ಸ್ ಬಿಚ್ಚಿ, ಸಡಿಲಾದ ನಟ್ಟನ್ನು ಬಿಗಿ ಮಾಡ್ತಿದ್ದ. ಬರಿಗೈ, ಒದ್ದೆ ನೆಲ.

ಅಷ್ಟೊತ್ತಿಗೆ ಸ್ಟಾರ್ಟರ್ ಡಬ್ಬಿಯಿಂದ ಒಂದು ಸಣ್ಣ ರಿಂಗ್. ಮಾವ ಕಾಲ್ ಮಾಡಿದ್ದರು. ಸಂಜೆ ಆಯ್ತಲ್ಲ, ತೋಟಕ್ಕೆ ನೀರು ಬಿಡುವಾ ಅಂತ.

ನಾವಿಬ್ಬರೂ ಕಲ್ಲಾಗಿ ನಿಂತೆವು. ಆದರೆ "ಟಕ್" ಅನ್ನುವ ಶಬ್ದ ಬರಲಿಲ್ಲ.

ಹಿಂದೆ ತಿರುಗಿ ನೋಡಿದರೆ ಅತ್ತೆ ಚಾ ಹಿಡ್ಕೊಂಡು ಬರ್ತಿದ್ದರು. ಇನ್ನೊಂದು ಕೈಯಲ್ಲಿ ಮೂರು ಫ್ಯೂಸ್. ಭಾವ ಶೆಡ್ಡಿಗೆ ಇಳಿಯುತ್ತಾನೆ ಅಂತ ಗೊತ್ತಾದ ಕೂಡಲೇ ಮನೆ ಹತ್ತಿರದ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು, ಕೈಯಲ್ಲೇ ಇಟ್ಟುಕೊಂಡಿದ್ದರು. "ಆ ಡಬ್ಬಿಗೆ ಈಗ ಎಷ್ಟು ಜನ ಯಜಮಾನರು ಅಂತ ಯಾರಿಗೆ ಗೊತ್ತು?" ಅಂದರು. ಮಂಗಳೂರಿನಲ್ಲಿ ಮಾವನಿಗೆ ಡಬ್ಬಿಯಿಂದ ಬಂದ ಉತ್ತರ "ಕರೆಂಟ್ ಇಲ್ಲ" ಅಂತ ಅಷ್ಟೇ.

ಹಳೆಯ ಸ್ಟಾರ್ಟರಿನಲ್ಲಿ ಹಸಿರು ಬಟನ್ ಒತ್ತುವವ ಶೆಡ್ಡಿನಲ್ಲೇ ನಿಂತಿರ್ತಿದ್ದ, ಒಳಗೆ ಯಾರಿದ್ದಾರೆ ಅಂತ ನೋಡ್ತಿದ್ದ. ಈಗ ಬಟನ್ ಇರುವುದು ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ, ದುಬೈಯಲ್ಲಿ. ಕೆಂಪು ಬಟನ್ ಕಾಂಟ್ಯಾಕ್ಟರನ್ನು ಬಿಡಿಸ್ತದೆ ಅಷ್ಟೇ, ಡಬ್ಬಿಗೆ ಬರುವ ಕರೆಂಟನ್ನು ತಪ್ಪಿಸುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ರಿಪೇರಿ ಮಾಡುವವ ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಕೈ ತನ್ನ ಕಿಸೆಯಲ್ಲಿ ಇಟ್ಟುಕೊಳ್ತಾನೆ. ಅತ್ತೆ ಮಾಡಿದ್ದು ಅದನ್ನೇ.

ಹಾಗಾಗಿ ಈ ವಾರ ಊರಿಗೆ ಹೋಗುವವರು ಒಂದು ಕೆಲಸ ಮಾಡಿ. ನಿಮ್ಮ ಪಂಪಿನ ಡಬ್ಬಿಗೆ ಯಾರ್ಯಾರ ನಂಬರಿನಿಂದ ಕಾಲ್ ಹೋಗ್ತದೆ ಅಂತ ಮನೆಯಲ್ಲಿ ಕೇಳಿ. ಮೇನ್ ಸ್ವಿಚ್ ಎಲ್ಲಿ ಉಂಟು ಅಂತ ನೋಡಿ. ಅದಕ್ಕೆ ಬೀಗ ಹಾಕ್ಲಿಕ್ಕೆ ಜಾಗ ಇದ್ದರೆ ಒಂದು ಬೀಗ ತಗೊಂಡು ಹೋಗಿ. ಇಲ್ಲದಿದ್ದರೆ ಫ್ಯೂಸ್ ಕಿತ್ತು ಕೈಯಲ್ಲಿ ಇಟ್ಟುಕೊಳ್ಳಿ.

ಮುಂದಿನ ವಾರ ಸಿಗುವ. ನಮಸ್ಕಾರ.