ದೇವರಾಯನದುರ್ಗ ಸೀಮೆಯ ಸ್ಥಳೀಯ ಇತಿಹಾಸ

ದೇವರಾಯನದುರ್ಗದ ಸುತ್ತಲಿನ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಕೋಟೆ, ಗುಡಿ, ಕೆರೆ, ಶಾಸನಗಳನ್ನು ನೋಡಿ, ಅವುಗಳ ಬಗ್ಗೆ ಬರೆದವರನ್ನು ಓದಿ ನಾಡಿನ ಚರಿತ್ರೆಯನ್ನು ಅರಿಯುವ ಅಧ್ಯಯನ. ಈ ಸೀಮೆಯಲ್ಲಿ ಹಂಪಿ, ಬಾದಾಮಿಗಳಂಥ ರಾಜಧಾನಿಗಳಿರಲಿಲ್ಲ. ಆದರೂ ರಾಷ್ಟ್ರಕೂಟರ ದಾನಶಾಸನದಿಂದ ಅಮೆರಿಕದ ಸ್ವಾತಂತ್ರ್ಯ ಸಮರದವರೆಗೆ ಹಲವು ಎಳೆಗಳು ಇಲ್ಲಿನ ಊರುಗಳಿಗೆ ಬಂದು ಸೇರುತ್ತವೆ.

ಬೆಟ್ಟ ಮತ್ತು ಹೊಳೆಗಳು

ಸುಮಾರು 1,200 ಮೀ. ಎತ್ತರದ ದೇವರಾಯನದುರ್ಗ ತುಮಕೂರಿಗೆ ಸಮೀಪದ ಗಿರಿದುರ್ಗ. ಬೆಂಗಳೂರಿನ ಸುತ್ತಲಿನ ನವದುರ್ಗಗಳಲ್ಲಿ ಒಂದು. ಹಿಂದೆ ಜಡಕನ ದುರ್ಗವೆಂದು ಕರೆಯುತ್ತಿದ್ದ ಇದು ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ವಶವಾದ ಮೇಲೆ ಈಗಿನ ಹೆಸರು ಪಡೆಯಿತು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ ದೇವಾಲಯಗಳಿವೆ. ತಪ್ಪಲಿನ ನಾಮದ ಚಿಲುಮೆಯಲ್ಲಿ ಬಂಡೆಯ ಸಣ್ಣ ಕುಳಿಯೊಳಗಿಂದ ನೀರು ಒಸರುತ್ತದೆ. ಶ್ರೀರಾಮ ಹಣೆಗೆ ನಾಮ ಇಟ್ಟುಕೊಳ್ಳಲು ಬಾಣ ಬಿಟ್ಟು ತರಿಸಿದ ನೀರಿದು ಎಂಬುದು ಜನರ ನಂಬಿಕೆ.

ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರಿದರೆ, ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಕೂಡುತ್ತದೆ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೂ ಶಿಂಷೆಯೇ ಆಧಾರ. ಗಣೇಶ ಅಯ್ಯರ್ ರೂಪಿಸಿದ, ನೀರು ಮಟ್ಟ ಮೀರಿದೊಡನೆ ತಾನಾಗಿಯೇ ಹೊರಬಿಡುವ ಸೈಫನ್ ವ್ಯವಸ್ಥೆ ಮಾರ್ಕೋನಹಳ್ಳಿಯ ವಿಶೇಷ.

ಶಾಸನಗಳು

ಈ ಸೀಮೆಯ ಚರಿತ್ರೆಗೆ ಗಟ್ಟಿ ತಳಹದಿ ಹಾಕಿದವರು ಬಿ.ಎಲ್. ರೈಸ್. 1885ರಲ್ಲಿ ಆರಂಭವಾದ ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟ (1904) ತುಮಕೂರು ಜಿಲ್ಲೆಗೆ ಮೀಸಲು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಬ್ರಷ್‌ನಿಂದ ಅಕ್ಷರದ ಕುಳಿಗಳಿಗೆ ಇಳಿಯುವಂತೆ ತಟ್ಟಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಹೀಗೆ ಓದಿದ ಶಾಸನಗಳನ್ನು ಸಂಪುಟದಲ್ಲಿ ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಲಾಗಿದೆ. ಆದ್ದರಿಂದ ಓದುಗ ತನ್ನ ಊರಿನ ಶಾಸನವನ್ನು ಸುಲಭವಾಗಿ ಹುಡುಕಿಕೊಳ್ಳಬಹುದು.

ಕಡಬದ ತಾಮ್ರಪಟಗಳು ಶಕ 735ರವು, ಎಂದರೆ ಸುಮಾರು ಕ್ರಿ.ಶ. 812–13. ಕುನುಂಗಿಲ್ ದೇಶವನ್ನು ಆಳುತ್ತಿದ್ದ ಚಾಲುಕ್ಯ ವಂಶದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಪೀಡೆಯನ್ನು ಜೈನಮುನಿ ಅರ್ಕಕೀರ್ತಿ ನಿವಾರಿಸಿದ. ಅದಕ್ಕಾಗಿ ಗಂಗಮಂಡಲದ ಅಧಿಪತಿ ಚಾಕಿರಾಜನ ಬಿನ್ನಹದಂತೆ ರಾಷ್ಟ್ರಕೂಟ ಮೂರನೆಯ ಗೋವಿಂದ ಜಲಮಂಗಲವೆಂಬ ಗ್ರಾಮವನ್ನು ಜಿನಮಂದಿರಕ್ಕೆ ದತ್ತಿ ಬಿಟ್ಟನೆಂದು ಅವು ತಿಳಿಸುತ್ತವೆ. ಕುನುಂಗಿಲ್ ಎಂಬುದೇ ಇಂದಿನ ಕುಣಿಗಲ್. ಗುಬ್ಬಿ ತಾಲ್ಲೂಕಿನಲ್ಲಿ ಸಿಕ್ಕ ತಾಮ್ರಪಟ ಕುಣಿಗಲ್ಲಿನ ಚರಿತ್ರೆಯನ್ನು ಹೇಳುತ್ತಿರುವುದು ಗಮನಾರ್ಹ.

ತುಮಕೂರಿನ ಸಮೀಪದ ಕೈದಾಳದ ಚೆನ್ನಕೇಶವ ದೇವಾಲಯ 1150ರ ಸುಮಾರಿನದು. ಹೊಯ್ಸಳ ಒಂದನೆಯ ನರಸಿಂಹನ ಸಾಮಂತನೂ ಮರುಗರೆನಾಡಿನ ಒಡೆಯನೂ ಆದ ಗೂಳಿ ಬಾಚಿ ಇದನ್ನು ಕಟ್ಟಿಸಿದ. ಶಿವಾಲಯ, ವಿಷ್ಣು ದೇವಾಲಯಗಳ ಜೊತೆಗೆ ಬಸದಿಯನ್ನೂ ಕಟ್ಟಿಸಿದ ಈತನನ್ನು ಶಾಸನ ನಾಲ್ಕು ಸಮಯಗಳ, ಎಂದರೆ ಮತಗಳ, ಪೋಷಕನೆಂದು ಹೊಗಳುತ್ತದೆ. ಜನಪದ ಕಥೆಯಾದರೋ, ಶಿಲ್ಪಿ ಜಕಣಾಚಾರಿ ಕಳೆದುಕೊಂಡ ಕೈಯನ್ನು ಇಲ್ಲಿ ಮರಳಿ ಪಡೆದನೆನ್ನುತ್ತದೆ. ಬಾಚಿಯನ್ನು ಕಲ್ಲು ಉಳಿಸಿತು, ಜಕಣಾಚಾರಿಯನ್ನು ಜನರ ಬಾಯಿ ಉಳಿಸಿತು. ಕಟ್ಟಿಸಿದವನ ಹೆಸರಿಗೆ ಶಾಸನ ಆಧಾರವಾದರೆ, ಕಟ್ಟಿದ ಶಿಲ್ಪಿಯ ಬಗ್ಗೆ ಜನರಿಗಿದ್ದ ಗೌರವಕ್ಕೆ ಕಥೆ ಆಧಾರ. ಕೈದಾಳದ ಚರಿತ್ರೆಗೆ ಎರಡೂ ಬೇಕು.

ಕೋಟೆಗಳು ಮತ್ತು ಅಮೆರಿಕದ ನಂಟು

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಮತ್ತು ಹುಲಿಯೂರುದುರ್ಗಗಳೂ ನವದುರ್ಗಗಳ ಸಾಲಿನವು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಇವೆರಡೂ ಟಿಪ್ಪುವಿನ ಕೈತಪ್ಪಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆಯ ವಶವಾದವು. ಈ ಕಾರ್ನ್‌ವಾಲಿಸನೇ 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ನೇತೃತ್ವದ ಅಮೆರಿಕನ್ ಮತ್ತು ಫ್ರೆಂಚ್ ಪಡೆಗಳಿಗೆ ಶರಣಾಗಿದ್ದವನು. ಅಲ್ಲಿ ಸೋತ ದಂಡನಾಯಕ ಹತ್ತು ವರ್ಷಗಳ ಬಳಿಕ ಮೈಸೂರಿನ ದುರ್ಗಗಳನ್ನು ಒಂದೊಂದಾಗಿ ಗೆದ್ದ.

ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಹೈದರಾಲಿಯ ಹೆಸರನ್ನು ಅಮೆರಿಕನ್ನರು ಮೆಚ್ಚಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಗೆ ಇಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ಜನರಲ್ ಮಾಂಕ್ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು. ಕವಿ ಫಿಲಿಪ್ ಫ್ರೆನೋ ಅದರ ಮೇಲೆ ಪದ್ಯ ಕಟ್ಟಿದ. ಮೈಸೂರು ಅಶ್ವದಳದ ಕಾಲದಿಂದ ಉಳಿದು ಬಂದಿರುವ ಕುಣಿಗಲ್ ಕುದುರೆ ಫಾರಂ ಕೂಡ ಅದೇ ಯುದ್ಧಯುಗದ ಕುರುಹು.

ಬರೆದವರು

1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯ ಸಂತೆ, ವ್ಯಾಪಾರಗಳನ್ನು ದಾಖಲಿಸಿದ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಗುಬ್ಬಿಯಲ್ಲಿದ್ದ ವೆಸ್ಲಿಯನ್ ಮಿಷನರಿಗಳಲ್ಲಿ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರಿನ ಅನುಭವಗಳ ಪುಸ್ತಕ ಪ್ರಕಟಿಸಿದರೆ, ಥಾಮಸ್ ಹಾಡ್ಸನ್ ಕನ್ನಡ ವ್ಯಾಕರಣ ಬರೆದ. ದೇವರಾಯನದುರ್ಗದ ಹುಲಿಯ ಕಥನ ಬರೆದ ಕೆನೆತ್ ಆಂಡರ್ಸನ್‌ರ ಶಿಕಾರಿ ಕಥೆಗಳು ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರ ಮನೆಮಾತಾದವು.

ಹೊರಗಿನವರು ಬರುವ ಮೊದಲೇ ಈ ನೆಲದ ಲೇಖಕರಿದ್ದರು. ಗುಬ್ಬಿಯ ಮಲ್ಲಣಾರ್ಯ ಭಾವಚಿಂತಾರತ್ನ (1513) ಮತ್ತು ವೀರಶೈವಾಮೃತ ಪುರಾಣ (1530) ರಚಿಸಿದ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ ಷಟ್‌ಸ್ಥಲ ಜ್ಞಾನಸಾರಾಮೃತದಲ್ಲಿ 701 ವಚನಗಳಿವೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡಿನುದ್ದಕ್ಕೂ ಬೆಳೆಸಿದ ಗುಬ್ಬಿ ವೀರಣ್ಣನವರ (1891–1972) ಆತ್ಮಕಥೆ ‘ಕಲೆಯೇ ಕಾಯಕ’ ವೃತ್ತಿರಂಗಭೂಮಿಯ ಅಮೂಲ್ಯ ದಾಖಲೆ. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ.

ಸಂಗ್ರಹ ಮತ್ತು ಸಂರಕ್ಷಣೆ

1865ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ (1891) ಶಾಸನ, ಶಿಲ್ಪ, ತಾಳೆಗರಿಗಳ ಅಧ್ಯಯನಕ್ಕೆ ಮುಖ್ಯ ನೆಲೆಗಳು. ಆದರೆ ವೀರಗಲ್ಲು, ಮಾಸ್ತಿಕಲ್ಲು, ದತ್ತಿಶಾಸನಗಳಲ್ಲಿ ಹೆಚ್ಚಿನವು ಇಂದಿಗೂ ಕೆರೆ ಏರಿ, ಹೊಲದ ಬದು, ಗುಡಿಯ ಅಂಗಳಗಳಲ್ಲೇ ಇವೆ. ರಸ್ತೆ ಅಗಲಿಸುವಾಗ, ಗುಡಿ ಜೀರ್ಣೋದ್ಧಾರ ಮಾಡುವಾಗ ಇವುಗಳನ್ನು ಕಿತ್ತು ಬೇರೆಡೆ ಹಾಕಿದರೆ, ಯಾವ ಕೆರೆಗೆ, ಯಾವ ಗಡಿಗೆ ಸಂಬಂಧಿಸಿದ ಕಲ್ಲು ಎಂಬ ಮಾಹಿತಿಯೇ ಅಳಿಸಿಹೋಗುತ್ತದೆ. ಸುಣ್ಣಬಣ್ಣ ಬಳಿದರೆ ಅಕ್ಷರ ಮುಚ್ಚುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಕಲ್ಲುಗಳ ಪಟ್ಟಿ ಇಟ್ಟು, ಊರಿನ ಶಾಲೆಯಲ್ಲಿ ಮಕ್ಕಳಿಗೆ ಅವುಗಳ ಪಾಠ ಓದಿಸಬೇಕು. ಕೈದಾಳ, ಕಡಬಗಳ ಚರಿತ್ರೆ ನಮಗೆ ದಕ್ಕಿದ್ದು ಯಾರೋ ಕಾಪಾಡಿದ್ದರಿಂದ, ಯಾರೋ ಕುಳಿತು ಓದಿದ್ದರಿಂದ. ಉಳಿದ ಊರುಗಳ ಚರಿತ್ರೆಗೂ ಬೇರೆ ದಾರಿಯಿಲ್ಲ.